ಕೇಳಿಸದ ನಾದಕ್ಕೆ ಬೆಲೆ ಎಷ್ಟು?

ಬಿಕ್ಕೋಡಿನಂತಹ ಹೋಬಳಿ ಕೇಂದ್ರದ ವರ್ತಕನೂ ಇಂದು ‘ಹೈ-ರೆಸ್’ ಮುದ್ರೆಯ ಹೆಡ್‌ಫೋನ್ ತರಿಸಿ ಮಾರಬಹುದು. ಜಪಾನ್ ಆಡಿಯೋ ಸೊಸೈಟಿಯ ಈ ಮುದ್ರೆ ದೊರೆಯಬೇಕಾದರೆ ಹೆಡ್‌ಫೋನು 40,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಹೊಮ್ಮಿಸಬೇಕು. ಮನುಷ್ಯನ ಕಿವಿಗೆ ಎಟುಕುವುದಾದರೋ ಸುಮಾರು 20,000. ವಯಸ್ಸಾದಂತೆ ಅದೂ ಇಳಿಯುತ್ತದೆ. ಸಾಮಾನ್ಯ ಸಿ.ಡಿ.ಯೇ 22,050ರವರೆಗೆ ದಾಖಲಿಸಬಲ್ಲದು. ಹಾಗಾದರೆ ಗ್ರಾಹಕನು ಹೆಚ್ಚುವರಿ ಹಣ ತೆರುವುದು ಯಾತಕ್ಕೆ?

ಗ್ಯಾಮೆಲಾನ್ ವಾದ್ಯಗಳ ಶ್ರವಣಾತೀತ ನಾದವು ಕಿವಿಗೆ ಕೇಳಿಸದಿದ್ದರೂ ಮಿದುಳಿನ ಚಟುವಟಿಕೆಯನ್ನು ಬದಲಿಸುತ್ತದೆಂದು ಜಪಾನಿನ ತ್ಸುತೋಮು ಓಹಾಶಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಮಾರುವವರಿಗೆ ಇಷ್ಟು ಸಾಕು! ಆದರೆ 2007ರಲ್ಲಿ ಪ್ರಕಟವಾದ ಮೇಯರ್ ಮತ್ತು ಮೋರಾನ್ ಅವರ ಪರೀಕ್ಷೆಯಲ್ಲಿ, ಉನ್ನತ ದರ್ಜೆಯ ಮುದ್ರಣವನ್ನು ಒಮ್ಮೆ ಹಾಗೆಯೇ, ಒಮ್ಮೆ ಸಿ.ಡಿ. ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ತಿಳಿಸದೆ ಕೇಳಿಸಲಾಯಿತು. 554 ಸಲದಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದರೂ ಇಷ್ಟೇ ಬಂದೀತು. 2016ರಲ್ಲಿ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರ ಶೇ. 52.3ಕ್ಕೇರಿತು, ತರಬೇತಿ ಹೊಂದಿದವರಲ್ಲಿ ಇನ್ನಷ್ಟು. ಅದಕ್ಕೆ ಶ್ರವಣಾತೀತ ನಾದವೇ ಕಾರಣವೆಂಬುದು ಮಾತ್ರ ಸಿದ್ಧಪಟ್ಟಿಲ್ಲ.

ಆದ್ದರಿಂದ ವರ್ತಕರು ಸರಕಿನ ಗುಣವನ್ನು ಹೇಳಲಿ, ಗ್ರಾಹಕನ ಕಿವಿಯ ಪರವಾಗಿ ಭರವಸೆ ಕೊಡುವುದು ಬೇಡ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರಿಗೆ ರೂ. 10 ಲಕ್ಷದವರೆಗೆ ದಂಡ ವಿಧಿಸಬಹುದು. ಜಾಹೀರಾತನ್ನು ನಿಲ್ಲಿಸುವ ಆದೇಶ ವರ್ತಕರಿಗೂ ಬರಬಹುದು. ಅಂಗಡಿಯಲ್ಲಿ ಕೇಳಿಸಿ ತೋರಿಸುವಾಗ ಎರಡೂ ಹೆಡ್‌ಫೋನುಗಳ ಧ್ವನಿಮಟ್ಟ ಸಮನಾಗಿರಲಿ; ತುಸು ಜೋರಾದದ್ದೇ ಇಂಪೆನಿಸುವುದು ಎಲ್ಲರ ಕಿವಿಯ ಸ್ವಭಾವ.