ರೆಫ್ರಿ ಸಾಹೇಬರೇ, ‘ರೈಟ್’ ಅನ್ನುವ ಮುನ್ನ ಒಮ್ಮೆ ಹಿಂದೆ ನೋಡಿ!

ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ದಿನಾ ಓಡಾಡುವವರಿಗೆ ಈ ಮಾತು ಹೊಸದಲ್ಲ. ಬಸ್ಸು ನಿಂತಾಗ ಕಂಡಕ್ಟರ್ ಬಾಗಿಲ ಕಡೆಗೊಮ್ಮೆ ಕಣ್ಣು ಹಾಯಿಸಿ ಸೀಟಿ ಊದಿದರೆ ಎಲ್ಲರೂ ಕ್ಷೇಮ. ನೋಡದೇ ‘ರೈಟ್’ ಅಂದರೆ, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕಾಲು ರಸ್ತೆ ಮೇಲೆ ಇಟ್ಟ ಮುದುಕಿಯ ಗತಿ ದೇವರೇ ಬಲ್ಲ. ಹಾಗಂತ ಸ್ಟಾಪಿಗೊಂದು ಐದು ನಿಮಿಷ ನಿಂತರೆ? ಒಳಗಿದ್ದವರು ಬಿಡುತ್ತಾರೆಯೇ? ‘ಯಾಕ್ರೀ ಕಂಡಕ್ಟರ್ರ, ಇವತ್ತ ಇಲ್ಲೇ ವಸ್ತಿ ಏನು?’ ಅಂತ ಶುರು ಮಾಡುತ್ತಾರೆ.

ಬಾಸ್ಕೆಟ್‌ಬಾಲ್ ರೆಫ್ರಿಯ ಕೆಲಸವೂ ಹೆಚ್ಚು ಕಡಿಮೆ ಇಷ್ಟೇ. ಸೀಟಿ ಊದಿ ಆಟ ನಿಲ್ಲಿಸುವುದು ಸುಲಭ. ನಿಂತ ಆಟವನ್ನು ಎಷ್ಟು ಬೇಗ ಮತ್ತೆ ಶುರು ಮಾಡಬೇಕು ಎಂಬಲ್ಲೇ ಅವರ ಪರೀಕ್ಷೆ.

ಈ ಮಾತು ಈಗ ಏಕೆ ಬಂತು ಅಂದರೆ, ಮೊನ್ನೆ ಹುಬ್ಬಳ್ಳಿಯಲ್ಲಿ ಶಾಲಾ ಹುಡುಗಿಯರ ಒಂದು ಪಂದ್ಯ ನೋಡಲು ಹೋಗಿದ್ದೆ. ಒಂದು ಕಡೆ ಪೇಟೆಯ ತಂಡ. ಇನ್ನೊಂದು ಕಡೆ ನಮ್ಮ ಕಡೆಯ ಹಳ್ಳಿ ಶಾಲೆಯ ತಂಡ. ಹಳ್ಳಿ ತಂಡದಲ್ಲಿ ಇದ್ದವರು ಒಟ್ಟು ಏಳೇ ಹುಡುಗಿಯರು. ಮಣ್ಣಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಆಡಿ ಕಲಿತವರು. ಆದರೂ ಕೊನೆಯ ಅರ್ಧ ನಿಮಿಷ ಉಳಿದಾಗ ಒಂದು ಪಾಯಿಂಟ್ ಮುಂದಿದ್ದರು. ಅಷ್ಟರಲ್ಲಿ ಒಬ್ಬ ಹುಡುಗಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ಚೆಂಡು ಗೆರೆ ದಾಟಿತ್ತು, ರೆಫ್ರಿ ಸೀಟಿ ಊದಿದರು. ಗಾಯವಾದ ಹುಡುಗಿ ಕುಂಟುತ್ತ ಹೊರಗೆ ಬಂದಳು. ಬದಲಿ ಹುಡುಗಿ ಟೇಬಲ್ ಹತ್ತಿರ ಹೆಸರು ಹೇಳಿ, ರೆಫ್ರಿ ಕೈ ಮಾಡಿ ಕರೆಯಲಿ ಎಂದು ನಿಂತಿದ್ದಳು.

ರೆಫ್ರಿ ಕರೆಯಲಿಲ್ಲ. ಆ ಕಡೆ ನೋಡಲೂ ಇಲ್ಲ. ಗಡಿಬಿಡಿಯಲ್ಲಿ ಚೆಂಡನ್ನು ಪೇಟೆ ತಂಡದವರ ಕೈಗೆ ಕೊಟ್ಟುಬಿಟ್ಟರು. ಐವರ ಎದುರು ನಾಲ್ವರು! ಎರಡು ಪಾಸ್, ಒಂದು ಬಾಸ್ಕೆಟ್, ಮುಗಿಯಿತು. ಒಂದು ಪಾಯಿಂಟ್ ಮುಂದಿದ್ದವರು ಒಂದು ಪಾಯಿಂಟಿನಿಂದ ಸೋತರು. ಟೇಬಲ್ ಮೇಲೆ ಸ್ಟಾಪ್‌ವಾಚ್ ಹಿಡಿದಿದ್ದ ಹುಡುಗ ಗುಂಡಿ ಒತ್ತಿಯೇ ಇರಲಿಲ್ಲ.

ಹಳ್ಳಿ ಶಾಲೆಯ ಮಾಸ್ತರರು ಹೋಗಿ ಕೇಳಿದರು. ರೆಫ್ರಿಯ ಉತ್ತರ: ‘ಐದ ಸೆಕೆಂಡಿನ ರೂಲ್ ಐತ್ರೀ ಸರ. ತಡಾ ಮಾಡಾಕ ಬರೂದಿಲ್ಲ. ಮ್ಯಾಲ ಕತ್ತಲಾಗಾಕತ್ತೈತಿ, ನಿಮ್ಮ ಹುಡುಗ್ಯಾರ ಬಸ್ ಹಿಡೀಬೇಕಲ್ರೀ?’

ಪಾಪ, ಆ ಮನುಷ್ಯನಲ್ಲಿ ಕಪಟವಿರಲಿಲ್ಲ. ಮಕ್ಕಳ ಒಳ್ಳೆಯದಕ್ಕೇ ಅವಸರ ಮಾಡಿದರು. ಆದರೆ ನಿಯಮವನ್ನು ತಲೆಕೆಳಗು ಮಾಡಿಕೊಂಡಿದ್ದರು.

ಐದು ಸೆಕೆಂಡ್ ಯಾರಿಗೆ?

ಐದು ಸೆಕೆಂಡಿನ ನಿಯಮ ಇರುವುದು ನಿಜ. ಗೆರೆಯ ಹೊರಗಿನಿಂದ ಚೆಂಡು ಎಸೆಯುವವರು ಐದು ಸೆಕೆಂಡಿನೊಳಗೆ ಎಸೆಯಬೇಕು. ಫ್ರೀ ಥ್ರೋ ಹೊಡೆಯುವವರಿಗೂ ಐದೇ ಸೆಕೆಂಡ್. ಆದರೆ ಆ ಲೆಕ್ಕ ಶುರುವಾಗುವುದು ಚೆಂಡು ಆಟಗಾರನ ಕೈಗೆ ಬಂದ ಮೇಲೆ. ಅದು ಆಟಗಾರನಿಗೆ ಹಾಕಿದ ಗಡುವು, ರೆಫ್ರಿಗೆ ಹಾಕಿದ್ದಲ್ಲ.

ಹಾಗಾದರೆ ರೆಫ್ರಿಗೆ ಎಷ್ಟು ಸೆಕೆಂಡ್? ಅಂತರರಾಷ್ಟ್ರೀಯ ನಿಯಮ ಉಳಿದದ್ದಕ್ಕೆಲ್ಲ ಅಂಕಿ ಕೊಟ್ಟಿದೆ. ಟೈಮ್ ಔಟ್ ಅಂದರೆ ಒಂದು ನಿಮಿಷ. ಐವತ್ತನೇ ಸೆಕೆಂಡಿಗೆ ಟೇಬಲ್‌ನಿಂದ ಒಂದು ಹಾರ್ನ್, ನಿಮಿಷ ತುಂಬಿದಾಗ ಇನ್ನೊಂದು. ಪೆಟ್ಟಾದ ಆಟಗಾರ ಸುಮಾರು 15 ಸೆಕೆಂಡಿನೊಳಗೆ ಎದ್ದು ಆಡಲು ಸಿದ್ಧನಾಗದಿದ್ದರೆ ಬದಲಿ ಬರಬೇಕು. ರಕ್ತ ಬರುತ್ತಿದ್ದರಂತೂ ಬದಲಿ ಆಗಲೇಬೇಕು. ಬದಲಿ ಆಟಗಾರ ಆದಷ್ಟು ಬೇಗ ಒಳಗೆ ಹೋಗಬೇಕು, ಆದರೆ ರೆಫ್ರಿ ಕೈ ಮಾಡಿ ಕರೆದ ಮೇಲೆಯೇ ಹೋಗಬೇಕು. ಇಷ್ಟೆಲ್ಲ ಮುಗಿದು ಚೆಂಡು ಕೊಡುವ ಆ ಕ್ಷಣ ಮಾತ್ರ ರೆಫ್ರಿಯ ವಿವೇಕಕ್ಕೆ ಬಿಟ್ಟದ್ದು.

ಸಮಯ ಹಾಳಾಗುತ್ತದೆ ಎನ್ನುವವರು ಒಂದು ಮಾತು ಗಮನಿಸಬೇಕು. ಸೀಟಿ ಊದಿದ ಕೂಡಲೇ ಆಟದ ಗಡಿಯಾರ ನಿಲ್ಲುತ್ತದೆ. ರೆಫ್ರಿ ಮೂರು ಸೆಕೆಂಡ್ ಸುತ್ತ ನೋಡಿದರೆ ಯಾರ ಗಂಟೂ ಹೋಗುವುದಿಲ್ಲ.

ಮ್ಯೂನಿಕ್ ಪಾಠ

ಇದೇನು ಹಳ್ಳಿ ಮಕ್ಕಳ ಆಟದಲ್ಲಷ್ಟೇ ಆಗುವ ತಪ್ಪು ಅಂತ ತಿಳಿಯಬೇಡಿ. 1972ರ ಸೆಪ್ಟೆಂಬರ್, ಮ್ಯೂನಿಕ್ ಒಲಿಂಪಿಕ್ಸ್ ಫೈನಲ್. ಅಮೆರಿಕ ಮತ್ತು ಸೋವಿಯತ್ ರಷ್ಯ. ಮೂರು ಸೆಕೆಂಡ್ ಉಳಿದಾಗ ಅಮೆರಿಕದ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ 50–49 ಮಾಡಿದ. ರಷ್ಯದವರು ಚೆಂಡು ಎಸೆದು ಆಟ ಶುರು ಮಾಡಿದರು. ಆದರೆ ಟೈಮ್ ಔಟ್ ಕೇಳಿದ್ದರೂ ಕೊಡಲಿಲ್ಲ ಎಂದು ಅವರ ಕೋಚ್‌ಗಳು ಟೇಬಲ್ ಹತ್ತಿರ ಗದ್ದಲ ಎಬ್ಬಿಸಿದ್ದರು. ಒಂದು ಸೆಕೆಂಡ್ ಉಳಿದಾಗ ಆಟ ನಿಂತಿತು. ಮತ್ತೆ ಮೂರು ಸೆಕೆಂಡ್ ಇಟ್ಟು ಆಡಿಸಿ ಎಂಬ ತೀರ್ಮಾನವಾಯಿತು.

ಎರಡನೇ ಸಲ ಏನಾಯಿತು ಗೊತ್ತೇ? ಗಡಿಯಾರವನ್ನು ಸರಿಯಾಗಿ ಮೂರಕ್ಕೆ ತಂದು ನಿಲ್ಲಿಸುವ ಮೊದಲೇ ರೆಫ್ರಿ ಚೆಂಡು ಕೊಟ್ಟುಬಿಟ್ಟರು. ಚೆಂಡು ಎಸೆಯುತ್ತಿದ್ದಂತೆ ಹಾರ್ನ್ ಕೂಗಿತು. ಅಮೆರಿಕದ ಹುಡುಗರು ಗೆದ್ದೆವೆಂದು ಕುಣಿದರು. ಇಲ್ಲ, ಇದೂ ಸರಿಯಲ್ಲ, ಮತ್ತೊಮ್ಮೆ ಆಡಿ ಎಂದರು. ಮೂರನೇ ಸಲ ಇವಾನ್ ಎಡೆಷ್ಕೊ ಅಂಗಳದ ಈ ತುದಿಯಿಂದ ಆ ತುದಿಗೆ ಚೆಂಡು ಎಸೆದ. ಅಲೆಕ್ಸಾಂಡರ್ ಬೆಲೋವ್ ಹಿಡಿದು ಹಾಕಿದ. 51–50, ಚಿನ್ನ ರಷ್ಯಕ್ಕೆ! ಅಮೆರಿಕದ ಮೇಲ್ಮನವಿ 3–2 ಮತದಿಂದ ಬಿದ್ದುಹೋಯಿತು. ಆ ತಂಡ ಬೆಳ್ಳಿ ಪದಕ ಮುಟ್ಟಲಿಲ್ಲ. ಅರ್ಧ ಶತಮಾನ ಕಳೆದರೂ ಆ ಜಗಳ ಮುಗಿದಿಲ್ಲ.

ನಮ್ಮ ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಕ್ಕಡಿ ಮುಳ್ಳು ನಿಲ್ಲುವ ಮೊದಲೇ ಬ್ಯಾಳಿ ಕಟ್ಟಿಕೊಟ್ಟರೆ, ತೂಕ ಸರಿಯಿದ್ದರೂ ಗಿರಾಕಿ ನಂಬುವುದಿಲ್ಲ. ಆಟದಲ್ಲೂ ಹಾಗೆಯೇ. ಸೋತವನಿಗೆ ಸೋಲು ಒಪ್ಪಿಗೆಯಾಗಬೇಕಾದರೆ ಮುಳ್ಳು ನಿಂತದ್ದು ಅವನ ಕಣ್ಣಿಗೆ ಕಾಣಬೇಕು.

ಎಳೆದಾಡುವವರೂ ಇದ್ದಾರೆ

ಇನ್ನೊಂದು ಮಗ್ಗುಲೂ ಇದೆ. ಉಸಿರು ಬಿಟ್ಟ ತಂಡದವರಿಗೆ ಸರಿಯಾದ ಹೊತ್ತಿಗೇ ಬೂಟಿನ ಲೇಸು ಬಿಚ್ಚಿಕೊಳ್ಳುತ್ತದೆ! ಒಬ್ಬ ನೀರು ಕೇಳುತ್ತಾನೆ, ಒಬ್ಬ ಚೆಂಡನ್ನು ಮೆಲ್ಲಗೆ ಕಾಲಿನಿಂದ ಆಚೆ ತಳ್ಳುತ್ತಾನೆ. ಎದುರಿನವರ ಬಿಸಿ ಆರಲಿ ಎಂಬ ಹಿಕಮತ್ತು. ಬಾಸ್ಕೆಟ್ ಬಿದ್ದ ಮೇಲೆ, ಪಂದ್ಯದ ಕೊನೆಯ ಎರಡು ನಿಮಿಷ ಬಿಟ್ಟರೆ, ಗಡಿಯಾರ ಓಡುತ್ತಲೇ ಇರುತ್ತದೆ. ಅಲ್ಲಿ ಚೆಂಡು ತಡೆದರೆ ನಿಜವಾಗಿಯೂ ಎದುರಾಳಿಯ ಸಮಯ ಕದ್ದಂತೆ. ಇಂಥವರಿಗೆ ಮೊದಲು ಎಚ್ಚರಿಕೆ, ಆಮೇಲೆ ಟೆಕ್ನಿಕಲ್ ಫೌಲ್ ಎಂದು ನಿಯಮವೇ ಹೇಳುತ್ತದೆ. ಅಲ್ಲಿ ರೆಫ್ರಿ ಮೆತ್ತಗಾಗಬಾರದು.

ಕಬಡ್ಡಿ ನೋಡಿದವರಿಗೆ ಗೊತ್ತು, ಒಬ್ಬ ರೇಡರ್ ಮರಳಿದ ಐದು ಸೆಕೆಂಡಿನೊಳಗೆ ಎದುರು ತಂಡದವನು ಹೊರಡಬೇಕು. ಕ್ರಿಕೆಟ್ಟಿನಲ್ಲಿ 2023ರ ವಿಶ್ವಕಪ್‌ನಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಎರಡು ನಿಮಿಷದೊಳಗೆ ಚೆಂಡು ಎದುರಿಸಲು ಸಿದ್ಧನಾಗಲಿಲ್ಲ ಎಂದು ಔಟಾದ. ಬಾಸ್ಕೆಟ್‌ಬಾಲಿನಲ್ಲೂ ದಾಳಿಯ ಗಡುವು 2000ದಲ್ಲಿ 30 ಸೆಕೆಂಡಿನಿಂದ 24ಕ್ಕೆ ಇಳಿಯಿತು. ಆಟಗಾರರು ಚುರುಕಾಗಲಿ, ಬೇಡ ಅನ್ನುವವರು ಯಾರು? ಆದರೆ ಆಟ ಚುರುಕಾದಷ್ಟೂ ರೆಫ್ರಿಯ ಕಣ್ಣು ನಿಧಾನವಾಗಿರಬೇಕು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಮ್ಮ ಮಹಿಳಾ ತಂಡ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು ಸೋಲಿಸಿದ್ದು 75–73ರಿಂದ. ಒಂದೇ ಬಾಸ್ಕೆಟ್ ಅಂತರ! ಅಲ್ಲಿ ಒಂದು ಸಲ ಆಟ ತಪ್ಪಾಗಿ ಶುರುವಾಗಿದ್ದರೂ ಸಾಕಿತ್ತು, ಕಥೆಯೇ ಬೇರೆಯಾಗಬಹುದಿತ್ತು.

ಹಾಗಾದರೆ ಮಾಡಬೇಕಾದದ್ದು ಏನು? ಟೇಬಲ್ ಕಡೆಗೊಂದು ನೋಟ: ಗಡಿಯಾರ ಸರಿಯಿದೆಯೇ, ಬದಲಿ ಯಾರಾದರೂ ಕಾಯುತ್ತಿದ್ದಾರೆಯೇ? ಜೊತೆಯ ರೆಫ್ರಿ ಕಡೆಗೊಂದು ನೋಟ: ಅವರು ಹೆಬ್ಬೆರಳು ಎತ್ತಿದರೇ? ಅಂಗಳದ ಕಡೆಗೊಂದು ನೋಟ: ಎರಡೂ ಕಡೆ ಐದೈದು ಮಂದಿ ಇದ್ದಾರೆಯೇ? ಆಮೇಲೆ ಚೆಂಡು ಕೊಟ್ಟು, ಎಲ್ಲರಿಗೂ ಕಾಣುವಂತೆ ಕೈ ಬೀಸಿ ಐದು ಎಣಿಸುವುದು. ಗೆಲ್ಲುವವರಿಗೂ ಸೋಲುವವರಿಗೂ, ಪೇಟೆಯವರಿಗೂ ಹಳ್ಳಿಯವರಿಗೂ ಅದೇ ಕ್ರಮ.

ಅಸಲು ತಡ ಎಲ್ಲಿ?

ಇನ್ನು ಕತ್ತಲಾಗುತ್ತದೆ, ಬಸ್ ತಪ್ಪುತ್ತದೆ ಎಂಬ ಮಾತು. ಅದೂ ಸುಳ್ಳಲ್ಲ. ಆದರೆ ಅಂದು ಪಂದ್ಯ ಶುರುವಾದದ್ದೇ ಒಂದೂವರೆ ತಾಸು ತಡವಾಗಿ. ಏಕೆಂದರೆ ಮುಖ್ಯ ಅತಿಥಿಗಳು ಬಂದಿರಲಿಲ್ಲ. ಬಂದ ಮೇಲೆ ಹಾರ, ತುರಾಯಿ, ಸ್ವಾಗತ, ಭಾಷಣ, ವಂದನಾರ್ಪಣೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತೇ ಇದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಕಿರಾಣಿ ಅಂಗಡಿ ಸಾವಕಾರರು ಎಲ್ಲ ಕೇಳಿ ಅಂದದ್ದು ಇಷ್ಟೇ: ‘ಅಲ್ರೀ, ದೊಡ್ಡವರ ಸಲುವಾಗಿ ಒಂದೂವರಿ ತಾಸ ಕಾದವ್ರು, ಆ ಹುಡುಗಿ ಸಲುವಾಗಿ ಮೂರ ಸೆಕೆಂಡ್ ಕಾಯಾಕ ಆಗ್ಲಿಲ್ಲೇನ್ರೀ?’

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಪಂದ್ಯ ನಡೆಸುವ ಮಹನೀಯರ ಹತ್ತಿರ ಇದ್ದರೆ ಹೇಳಲಿ. ಮುಂದಿನ ಸಲ ಹೇಳಿದ ಹೊತ್ತಿಗೆ ಆಟ ಶುರು ಮಾಡಲಿ, ಟೇಬಲ್ ಮೇಲೆ ಕೆಲಸ ಬಲ್ಲ ಒಬ್ಬರನ್ನು ಕೂಡಿಸಲಿ, ಕೇಳಿಸುವಂಥ ಒಂದು ಹಾರ್ನ್ ಕೊಡಿಸಲಿ. ಭಾಷಣದಲ್ಲಿ ಹತ್ತು ನಿಮಿಷ ಉಳಿಸಿದರೆ ರೆಫ್ರಿಗೆ ಬೇಕಾದ ಸೆಕೆಂಡುಗಳು ತಾನಾಗಿಯೇ ಸಿಗುತ್ತವೆ. ಸಂಬಂಧಪಟ್ಟವರು ಗಮನಿಸುವರೇ?