ಕಣದಲ್ಲಿಯೇ ಮಕ್ಕಳ ಪಾಲು ಎತ್ತಿಡಿರಿ

ಕಣದಲ್ಲಿ ರಾಶಿಯಾದೊಡನೆ ರೈತನು ಮೊದಲು ಮಾಡುವ ಕೆಲಸ ಯಾವುದು? ಮುಂದಿನ ಬಿತ್ತನೆಗೆ ಒಳ್ಳೆಯ ಕಾಳನ್ನು ಬೇರೆ ತೆಗೆದಿಡುವುದು. ಸಾಲಗಾರ ಬಾಗಿಲಲ್ಲಿ ನಿಂತಿದ್ದರೂ ಬೀಜದ ಕಾಳಿಗೆ ಕೈಹಚ್ಚಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಬಡಿಗ, ಕಂಬಾರ ಮೊದಲಾದ ಆಯಗಾರರ ಪಾಲನ್ನೂ ಹಿಂದೆ ಕಣದಲ್ಲಿಯೇ ಅಳೆದು ಕೊಡುತ್ತಿದ್ದರು. ಆದರೆ ಮನೆಯ ಮಕ್ಕಳ ಪಾಲೆಂದು ಒಂದು ಸೇರು ಕಾಳನ್ನು ಬೇರೆ ಅಳೆದಿಡುವ ರೂಢಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ?

ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಹೊಲಗಳಲ್ಲಿ ಜೋಳ, ತೊಗರಿ, ಕಡಲೆ, ಹೆಸರು, ಶೇಂಗಾ ಬೆಳೆಯುತ್ತವೆ. ಮಕ್ಕಳ ಮೈ ಬೆಳೆಸುವ ಕಾಳುಗಳು ಇವೇ. ರಾಶಿ ಮುಗಿದ ಕೂಡಲೆ ತೊಗರಿ, ಕಡಲೆ, ಶೇಂಗಾಗಳ ಚೀಲಗಳು ಪೇಟೆಗೆ ಸಾಗುತ್ತವೆ. ಮನೆಯಲ್ಲಿ ಉಳಿಯುವುದು ಜೋಳ ಮಾತ್ರ. ಮೂರು ತಿಂಗಳು ಕಳೆದ ಮೇಲೆ ನಾವು ಮಾರಿದ ತೊಗರಿಯನ್ನೇ ಬೇಳೆ ಮಾಡಿಸಿ ಅಂಗಡಿಯವನು ನಮಗೆ ಹೆಚ್ಚಿನ ದರಕ್ಕೆ ಕೊಡುತ್ತಾನೆ. ಆಗ ಕೈಯಲ್ಲಿ ಹಣವಿರುವುದಿಲ್ಲ, ಬೇಳೆ ತೆಳ್ಳಗಾಗುತ್ತದೆ. ಮಗು ಅತ್ತರೆ ಬಿಸ್ಕತ್ತಿನ ಪುಡಿಕೆಯೊಂದನ್ನು ಕೈಗೆ ಕೊಟ್ಟು ಸುಮ್ಮನಾಗಿಸುತ್ತೇವೆ. ಮೈದಾ, ಸಕ್ಕರೆಗಳ ಆ ತಿಂಡಿ ಹಸಿವೆಯನ್ನು ಅಡಗಿಸೀತು, ಮೈ ಬೆಳೆಸಲಾರದು.

ಜೋಳವೇನು ಕಡಿಮೆಯ ಧಾನ್ಯವಲ್ಲ. ಅದರಲ್ಲಿ ನೂರಕ್ಕೆ ಹತ್ತು ಪಾಲು ಸಸಾರಜನಕವಿದೆ. ಆದರೆ ಮೈ ಕಟ್ಟಲು ಬೇಕಾದ ಲೈಸಿನ್ ಎಂಬ ಅಂಶ ಅದರಲ್ಲಿ ಸಾಲದು. ಬೇಳೆಕಾಳುಗಳಲ್ಲಿ ಅದು ಹೇರಳವಾಗಿದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯ ಜೊತೆಗೆ ಗಟ್ಟಿ ಬೇಳೆ, ಝುಣಕ, ಮಡಕಿಕಾಳಿನ ಪಲ್ಯ ಇರಬೇಕೆಂದು ನಮ್ಮ ಅಜ್ಜಿಯರು ಹೇಳಿದ್ದರಲ್ಲಿ ಅರ್ಥವಿತ್ತು. ಶೇಂಗಾದ ಮಾತಂತೂ ಬೇರೆಯೇ: ಅದರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಸಸಾರಜನಕ, ನೂರಕ್ಕೆ ನಲವತ್ತರಷ್ಟು ಎಣ್ಣೆ. ಚಿಕ್ಕ ಹೊಟ್ಟೆಗೆ ಸ್ವಲ್ಪದರಲ್ಲಿಯೇ ಹೆಚ್ಚು ಬಲ ಕೊಡುವ ಕಾಳು ಅದು.

ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಸೊರಗಿದ ಮಕ್ಕಳಿಗಾಗಿ ಗೋಧಿ, ಹುರಿಗಡಲೆ, ಶೇಂಗಾ, ಬೆಲ್ಲಗಳ ಒಂದು ಹಿಟ್ಟನ್ನು ರೂಪಿಸಿದರು. ‘ಹೈದರಾಬಾದ್ ಮಿಕ್ಸ್’ ಎಂದು ಅದಕ್ಕೆ ಹೆಸರು. ಗೋಧಿಯ ಬದಲು ನಮ್ಮ ಜೋಳವನ್ನೇ ಹಾಕಿ ಅದನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಅಳತೆ ಹೀಗಿದೆ:

ಜೋಳ 400 ಗ್ರಾಂ, ಪುಠಾಣಿ 160 ಗ್ರಾಂ, ಶೇಂಗಾಕಾಳು 100 ಗ್ರಾಂ, ಬೆಲ್ಲ 200 ಗ್ರಾಂ.

ಜೋಳವನ್ನೂ ಶೇಂಗಾವನ್ನೂ ಬೇರೆ ಬೇರೆಯಾಗಿ ಹದವಾಗಿ ಹುರಿಯಿರಿ. ಶೇಂಗಾದ ಸಿಪ್ಪೆ ತಿಕ್ಕಿ ತೆಗೆಯಿರಿ. ಪುಠಾಣಿ ಕೂಡಿಸಿ ನುಣ್ಣಗೆ ಬೀಸಿ, ಒಣಗಿದ ಡಬ್ಬಿಯಲ್ಲಿ ತುಂಬಿರಿ. ಒಮ್ಮೆಗೆ ಹತ್ತು ಹದಿನೈದು ದಿನಕ್ಕಾಗುವಷ್ಟನ್ನೇ ಮಾಡಿರಿ. ಹೆಚ್ಚು ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಉಣಿಸುವಾಗ ಹಿಟ್ಟನ್ನು ನೀರಿನಲ್ಲಿ ಕಲಸಿ ಗಂಜಿಯಂತೆ ಕುದಿಸಿ, ಬೆಲ್ಲ ಹಾಕಿರಿ. ಮೇಲಿನ ಅಳತೆ ಒಂದು ಮಗುವಿಗೆ ಹತ್ತು ದಿನಕ್ಕೆ ಸಾಕು. ದಿನದ ಪಾಲಿನಲ್ಲಿ ಸುಮಾರು 330 ಕ್ಯಾಲರಿ, 10 ಗ್ರಾಂ ಸಸಾರಜನಕ ದೊರೆಯುತ್ತದೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವ ಬಲದಲ್ಲಿ ಇದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು.

ಈಗ ಕಣದ ಲೆಕ್ಕಕ್ಕೆ ಬರೋಣ. ಈ ಹಿಟ್ಟಿಗಾಗಿ ಎರಡು ಮಕ್ಕಳಿಗೆ ವರ್ಷಕ್ಕೆ ಸುಮಾರು 8 ಕಿಲೋ ಶೇಂಗಾಕಾಳು, 12 ಕಿಲೋ ಕಡಲೆ ಬೇಕು. ಬೊಡ್ಡಿ ಸಹಿತ ಶೇಂಗಾ ಆದರೆ 12 ಕಿಲೋ ತೆಗೆದಿಟ್ಟರಾಯಿತು. ಇದಲ್ಲದೆ ಮಗುವೊಂದಕ್ಕೆ ದಿನಕ್ಕೆ 30 ಗ್ರಾಂ ಬೇಳೆಯೆಂದು ಹಿಡಿದರೆ ಇಬ್ಬರಿಗೆ 22 ಕಿಲೋ ಆಗುತ್ತದೆ. ಎಲ್ಲ ಕೂಡಿದರೂ ಅರ್ಧ ಕ್ವಿಂಟಲ್ ದಾಟಲಿಲ್ಲ. ಇಷ್ಟನ್ನು ಮಾರಿದ್ದರಿಂದ ಯಾವ ಸಾಲವೂ ತೀರದು. ಉಳಿಸಿಕೊಂಡರೆ ಎರಡು ಜೀವಗಳು ನೆಟ್ಟಗೆ ಬೆಳೆಯುತ್ತವೆ. ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಬೇವಿನ ಎಲೆ ಹಾಕಿ, ತಗಡಿನ ಡಬ್ಬಿಯಲ್ಲಿ ಮುಚ್ಚಿಡಿರಿ. ಬೂಸಲು ಹಿಡಿದ, ಕಪ್ಪಾದ, ಕಹಿಯಾದ ಶೇಂಗಾವನ್ನು ಆರಿಸಿ ಚೆಲ್ಲಿರಿ. ಅದರಲ್ಲಿ ಯಕೃತ್ತನ್ನು ಕೆಡಿಸುವ ವಿಷವಿರುತ್ತದೆ. ಚಿಕ್ಕ ಮಕ್ಕಳಿಗೆ ಇಡಿ ಶೇಂಗಾ ಕೊಡಬೇಡಿರಿ, ಗಂಟಲಲ್ಲಿ ಸಿಕ್ಕೀತು. ಪುಡಿ ಮಾಡಿಯೇ ಕೊಡಿರಿ.

ಹೊಲವಿಲ್ಲದವರು ಏನು ಮಾಡಬೇಕು? ಸುಗ್ಗಿಯ ಕೂಲಿಯಲ್ಲಿ ಒಂದಿಷ್ಟನ್ನು ಕಾಳಿನ ರೂಪದಲ್ಲಿ ಕೇಳಿಕೊಳ್ಳಬಹುದು. ದರ ಇಳಿದಿರುವಾಗ ಇಡಿ ಕಾಳು ಕೊಂಡಿಟ್ಟುಕೊಳ್ಳಬಹುದು. ಕಬ್ಬು ಕಡಿಯಲು ಕಾರಖಾನೆಗಳ ಕಡೆಗೆ ಗುಳೆ ಹೋಗುವ ಕುಟುಂಬಗಳು ಜತ್ತ ಸೀಮೆಯಲ್ಲಿ ಬಹಳ. ನಸುಕಿನಲ್ಲಿ ಫಡಕ್ಕೆ ಹೋಗುವ ತಾಯಿಗೆ ಒಲೆಯ ಮುಂದೆ ಕೂಡ್ರಲು ಹೊತ್ತೆಲ್ಲಿ? ಹುರಿದು ಬೀಸಿದ ಈ ಹಿಟ್ಟು ಜೊತೆಗಿದ್ದರೆ ಐದು ನಿಮಿಷದಲ್ಲಿ ಮಗುವಿನ ಊಟ ಆಗುತ್ತದೆ.

ಉಳಿದದ್ದು ಹಿತ್ತಲಿನ ಕೆಲಸ. ಬಚ್ಚಲ ನೀರು ಹರಿಯುವಲ್ಲಿ ಒಂದು ನುಗ್ಗೆಯ ಟೊಂಗೆ ಊರಿರಿ, ಒಂದು ಪಪ್ಪಾಯಿ ಹಚ್ಚಿರಿ. ನುಗ್ಗೆಯ ಸೊಪ್ಪಿನಲ್ಲಿ ಸುಣ್ಣದ ಅಂಶವೂ, ಕಣ್ಣಿಗೆ ಬೇಕಾದ ‘ಎ’ ಜೀವಸತ್ವವನ್ನು ಕೊಡುವ ಅಂಶವೂ ಸಾಕಷ್ಟಿವೆ. ಬೇಳೆಯಲ್ಲಿ ಬೇಯಿಸಿ ಒಂದು ಚಮಚೆ ಎಣ್ಣೆ ಬೆರೆಸಿದರೆ ಅದು ಮೈಗೆ ಹತ್ತುತ್ತದೆ. ಮೇಲೆ ಲಿಂಬೆಯ ರಸ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಹಿಡಿಯುತ್ತದೆ. ಊಟದೊಡನೆ ಮಕ್ಕಳಿಗೆ ಚಹಾ ಕೊಡುವುದು ಇದಕ್ಕೆ ವಿರುದ್ಧ; ಚಹಾ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡದು. ಕೋಳಿ ಸಾಕಿದವರು ಸಂತೆಗೆ ಬುಟ್ಟಿ ತುಂಬುವ ಮೊದಲು ಮಗುವಿಗೊಂದು ತತ್ತಿ ತೆಗೆದಿಡಿರಿ. ಒಂದು ತತ್ತಿಯಲ್ಲಿ 6 ಗ್ರಾಂ ಉತ್ತಮ ಸಸಾರಜನಕವಿದೆ.

ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ಆಮೇಲೆ ಹಾಲು ಬಿಡಿಸದೆ ಮೆತ್ತನ್ನ ಊಟ ಆರಂಭಿಸಬೇಕು. ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ನಮ್ಮ ಹಾಗೆ ಎರಡು ಹೊತ್ತು ಉಂಡರೆ ಸಾಲದು, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಉಣಿಸಬೇಕು.

1975ರಲ್ಲಿ ಆರಂಭವಾದ ಅಂಗನವಾಡಿ ಯೋಜನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪೂರಕ ಆಹಾರ ಸಿಗುತ್ತದೆ, ತೂಕವನ್ನೂ ನೋಡುತ್ತಾರೆ. ಅಲ್ಲಿಯ ಬರಹ ಮರಾಠಿಯಲ್ಲಿದೆಯೆಂದು ನಮ್ಮ ತಾಯಂದಿರು ಹಿಂಜರಿಯಬಾರದು. ತೋಳಿನ ಸುತ್ತಳತೆ ನೋಡುವ ಪಟ್ಟಿಯ ಹಸಿರು, ಹಳದಿ, ಕೆಂಪಿಗೆ ಭಾಷೆಯ ಹಂಗಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಥವಾ ಎರಡೂ ಕಾಲು ಬಾತಿದ್ದರೆ ಮನೆಯ ಮದ್ದನ್ನು ನೆಚ್ಚಿ ಕೂಡ್ರದೆ ಆ ದಿನವೇ ದವಾಖಾನೆಗೆ ಒಯ್ಯಿರಿ.

ಮಳೆ ಕೈಕೊಟ್ಟರೆ ಒಂದು ವರ್ಷದ ಬೆಳೆ ಹೋಗುತ್ತದೆ, ಮತ್ತೆ ಬಿತ್ತಬಹುದು. ಮೊದಲ ಎರಡು ವರ್ಷಗಳಲ್ಲಿ ಕುಗ್ಗಿದ ಬೆಳವಣಿಗೆಯನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಆದಕಾರಣ ರೈತ ಬಂಧುಗಳೇ, ಈ ಸುಗ್ಗಿಯಲ್ಲಿ ಬೀಜದ ಚೀಲದ ಪಕ್ಕದಲ್ಲಿ ಇನ್ನೊಂದು ಚೀಲ ಇಡಿರಿ. ಅದು ಮಕ್ಕಳದು. ಅದನ್ನು ಕಟ್ಟಿಟ್ಟ ಮೇಲೆಯೇ ಉಳಿದದ್ದು ಪೇಟೆಗೆ ಹೋಗಲಿ.