ಅಜ್ಜಿಗೆ ನೀರು ಕೊಟ್ರೆ ಎಷ್ಟು ಸ್ಟಾರ್?

ಸೆಮಿಸ್ಟರ್ ರಜೆಗೆ ಊರಿಗೆ ಹೋಗಿದ್ದೆ. ಅಕ್ಕನೂ ಮಗನನ್ನು ಕರೆದುಕೊಂಡು ಬಂದಿದ್ದಳು. ಐದು ವರ್ಷದ ಪೋರ. ಆಟಿಕೆ ಹರಡುವುದರಲ್ಲಿ ಶೂರ, ಎತ್ತಿಡುವುದರಲ್ಲಿ ಮಹಾ ಸೋಮಾರಿ. ‘ನೀನಾದರೂ ಇವನಿಗೆ ಸ್ವಲ್ಪ ಬುದ್ಧಿ ಕಲಿಸೋ’ ಎಂದಳು ಅಕ್ಕ.

ಬಿಇ ಓದುವವನಲ್ಲವೇ? ತಕ್ಷಣ ಒಂದು ‘ಸಿಸ್ಟಂ’ ರೆಡಿ ಮಾಡಿದೆ. ಫ್ರಿಜ್ ಬಾಗಿಲಿಗೆ ಚಾರ್ಟ್ ಅಂಟಿಸಿದೆ. ಆಟಿಕೆ ಎತ್ತಿಟ್ಟರೆ ಒಂದು ಸ್ಟಾರ್, ಚಪ್ಪಲಿ ಸ್ಟ್ಯಾಂಡಿನಲ್ಲಿಟ್ಟರೆ ಒಂದು. ಹತ್ತು ಸ್ಟಾರ್‌ಗೆ ಒಂದು ಚಾಕೊಲೇಟ್. ಮೂರೇ ದಿನದಲ್ಲಿ ಮನೆ ಫಳಫಳ. ನಾನು ಕಾಲರ್ ಏರಿಸಿಕೊಂಡು ಓಡಾಡಿದೆ.

ನಾಲ್ಕನೇ ದಿನ ಅಮ್ಮ, ‘ಪುಟ್ಟಾ, ಒಂದು ಲೋಟ ನೀರು ತಾರೋ’ ಎಂದಳು.

‘ಎಷ್ಟು ಸ್ಟಾರ್ ಅಜ್ಜಿ?’

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಚಾರ್ಟ್ ಬರುವ ಮೊದಲು ಅವನು ಕೇಳದೆಯೂ ಅಜ್ಜಿಗೆ ನೀರು ತರುತ್ತಿದ್ದ, ಅರ್ಧ ಲೋಟ ನೆಲಕ್ಕೆ ಚೆಲ್ಲಿಕೊಂಡು!

ರಾತ್ರಿ ಮೊಬೈಲ್‌ನಲ್ಲಿ ಹುಡುಕಿದಾಗ, 1973ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸಿಕ್ಕಿತು. ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ನರ್ಸರಿ ಮಕ್ಕಳಲ್ಲಿ ಕೆಲವರಿಗೆ, ‘ಚಿತ್ರ ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಬಿಡಿಸಿದ ಮೇಲೆ ಅಚ್ಚರಿಯಾಗಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲ ದಿನಗಳ ನಂತರ ನೋಡಿದರೆ, ಬಹುಮಾನಕ್ಕೆಂದೇ ಬಿಡಿಸಿದವರು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಕಡೆ ಸುಳಿದಿದ್ದರು. ಅಚ್ಚರಿಯ ಬಹುಮಾನ ಪಡೆದವರ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ.

ಓದಿದಾಗ ಚುರುಕ್ಕೆಂದಿತು. ನಾನೇನು ಬೇರೆಯೇ? ಕಾಲೇಜಿನಲ್ಲಿ ಆ್ಯಕ್ಟಿವಿಟಿ ಪಾಯಿಂಟ್ಸ್‌ಗೆಂದು ಗಿಡ ನೆಟ್ಟು, ಫೋಟೊ ತೆಗೆಸಿಕೊಂಡು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಚಾರ್ಟನ್ನು ಪೂರ್ತಿ ಕಿತ್ತುಹಾಕಲಿಲ್ಲ. ಅವನಿಗೆ ಬೇಡವೇ ಬೇಡವಾಗಿದ್ದ ಆಟಿಕೆ ಎತ್ತಿಡುವ ಕೆಲಸಕ್ಕೆ, ಅಭ್ಯಾಸವಾಗುವವರೆಗೆ ಸ್ಟಾರ್ ಇರಲಿ ಎಂದುಕೊಂಡೆ. ಆದರೆ ಪ್ರೀತಿಯಿಂದ ಮಾಡುತ್ತಿದ್ದ ಕೆಲಸಗಳಿಗೆ ಸ್ಟಾರ್ ಇಲ್ಲವೇ ಇಲ್ಲ. ‘ನೀನು ನೀರು ತಂದೆಯಲ್ಲ, ಅಜ್ಜಿ ಮಾತ್ರೆ ನುಂಗೋಕೆ ಆಯ್ತು ನೋಡು’ ಎಂದು ಹೇಳುವುದಷ್ಟೇ. ಎರಡು ದಿನ ಮುಖ ಊದಿಸಿಕೊಂಡ. ನಾನು ಹೊರಡುವ ದಿನ ನೋಡಿದರೆ, ಎರಡೂ ಕೈಯಲ್ಲಿ ಲೋಟ ಹಿಡಿದು ಅಜ್ಜಿಯ ಕೋಣೆಗೆ ಹೋಗುತ್ತಿದ್ದ. ನೆಲದ ತುಂಬಾ ನೀರು!

ಹಾಸ್ಟೆಲ್‌ಗೆ ಬಂದವನೇ ನನ್ನ ಗಿಡ ಹುಡುಕಿಕೊಂಡು ಹೋದೆ. ಪುಣ್ಯಕ್ಕೆ ಬದುಕಿತ್ತು. ಒಂದು ಬಕೆಟ್ ನೀರು ಹಾಕಿ ಬಂದೆ. ಫೋಟೊ ತೆಗೆಯಲಿಲ್ಲ.